ಅಮ್ಮನ ಬೆನ್ನಿನ ಮೇಲೆ ಅಜ್ಜಿಯ ಬೆರಳು

ಕಾಯಿರಿ, ಸ್ವಲ್ಪ ತಾಳ್ಮೆಯಿಂದ ಕಾಯಿರಿ. ನಮ್ಮಜ್ಜಿ ತೀರ್ಥಹಳ್ಳಿಯ ಒಬ್ಬ ಹಿರಿಯ ಡಾಕ್ಟರ ಬೆನ್ನನ್ನು ಅವರದೇ ಕೋಣೆಯಲ್ಲಿ ಬಡಿದು ನೋಡಿ ತೀರ್ಪು ಕೊಟ್ಟದ್ದು ಮುಂದೆ ಬರುತ್ತದೆ. ಅಲ್ಲಿಯವರೆಗೆ ಎದ್ದು ಹೋಗಬೇಡಿ. ಆದರೆ ಅದಕ್ಕೆ ಮೊದಲು ಅಮ್ಮನ ಎದೆಯಲ್ಲಿ ನೀರು ತುಂಬಿದ್ದನ್ನು ಹೇಳಬೇಕು. ಅದಕ್ಕೂ ಮೊದಲು ಹಗ್ಗದ ವಿಷಯ ಹೇಳಬೇಕು. ಹಗ್ಗ ಗೊತ್ತಿಲ್ಲದಿದ್ದರೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮೂರು ರಿಪ್ಪನ್‌ಪೇಟೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಪ್ರತಿ ವರ್ಷ ನಾಟಿ ಮುಗಿದ ಮೇಲೆ ಸಾಗರದ ಕಡೆಯ ಒಂದು ಊರಿನಲ್ಲಿ ಕೆಸರುಗದ್ದೆ ಆಟ ಇಡುತ್ತಾರೆ. ಓಟ, ವಾಲಿಬಾಲ್ ಎಲ್ಲ ಇರುತ್ತದೆ, ಆದರೆ ಜನ ಸೇರುವುದು ಮಹಿಳಾ ಸಂಘಗಳ ಹಗ್ಗಜಗ್ಗಾಟಕ್ಕೆ. ನಮ್ಮ ಸಂಘದ ಹಗ್ಗದ ತುದಿ ಅಮ್ಮನದು. ತುದಿ ಎಂದರೆ ಸುಮ್ಮನೆ ಕೊನೆಯಲ್ಲಿ ನಿಲ್ಲುವುದಲ್ಲ. ಹಗ್ಗವನ್ನು ಸೊಂಟಕ್ಕೆ ಸುತ್ತಿ, ಹೆಗಲ ಮೇಲಿಂದ ತಂದು, ಹಿಮ್ಮಡಿಯನ್ನು ಕೆಸರಿನಲ್ಲಿ ಹೂತು, ಮುಂದಿನವರೆಲ್ಲ ಜಾರಿದರೂ ತಾನು ಜಾರದೆ ನಿಲ್ಲುವುದು. ಹೋದ ವರ್ಷ ಆ ಊರಿನವರೇ ನಮ್ಮವರನ್ನು ಎಳೆದು ಹಾಕಿದ್ದರು. ಅಮ್ಮ ಅಂಗಾತ ಬಿದ್ದಿದ್ದಳು. ಬರುವಾಗ ಬಸ್ಸಿನಲ್ಲಿ ಸೀರೆಯ ಕೆಸರು ಕೆರೆಯುತ್ತಾ ಕೂತಿದ್ದಳು. ಇಳಿಯುವಾಗ, "ಮುಂದಿನ್ ವರ್ಷ ಬರ್ಲಿ, ತೋರಿಸ್ತೀನಿ" ಎಂದಳು. ಆ ಮೇಲೆ ಇಡೀ ವರ್ಷ ಬಿಂದಿಗೆ ಎತ್ತುವಾಗ, ಗೊಬ್ಬರದ ಬುಟ್ಟಿ ಹೊರುವಾಗ ಅವಳ ಮುಖದಲ್ಲಿ ಆ ಹಗ್ಗವೇ ಕಾಣುತ್ತಿತ್ತು.

ಆ ಮುಂದಿನ ವರ್ಷದ ಮಳೆ ಹಿಡಿಯುವ ಮೊದಲೇ ಅಮ್ಮನಿಗೆ ಜ್ವರ ಬಂತು. ಜ್ವರ, ಕೆಮ್ಮು, ಉಸಿರು ಎಳೆದರೆ ಬಲಪಕ್ಕೆಯಲ್ಲಿ ಚುಚ್ಚುವ ನೋವು. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳುವಳು. ಅಪ್ಪ ಮತ್ತು ನಾನು ಹೊಸನಗರಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಸ್ಟೆತಸ್ಕೋಪನ್ನು ಕುತ್ತಿಗೆಯಲ್ಲೇ ಬಿಟ್ಟು, ಮೊದಲು ಅಮ್ಮನನ್ನು ಸ್ಟೂಲಿನ ಮೇಲೆ ಆ ಕಡೆ ತಿರುಗಿಸಿ ಕೂರಿಸಿದರು. ಎಡಗೈಯ ನಡುಬೆರಳನ್ನು ಬೆನ್ನಿಗೆ ಒತ್ತಿ ಇಟ್ಟರು. ಬಲಗೈಯ ನಡುಬೆರಳನ್ನು ಕೊಕ್ಕಿನ ಹಾಗೆ ಬಗ್ಗಿಸಿ ಅದರ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿದರು. ಎಡಗಡೆ ಒಂದು ಜಾಗ, ಬಲಗಡೆ ಅದೇ ಎತ್ತರದಲ್ಲಿ ಇನ್ನೊಂದು ಜಾಗ. ಹೀಗೆ ಮೇಲಿನಿಂದ ಕೆಳಗೆ ಇಳಿದರು.

ನನಗೆ ಕೇಳಿಸಿತು! ಗೋಡೆಗೆ ಒರಗಿ ನಿಂತಿದ್ದವಳಿಗೆ ಸ್ಪಷ್ಟವಾಗಿ ಕೇಳಿಸಿತು. ಎಡಗಡೆಯೆಲ್ಲ ಟೊಂ ಟೊಂ. ಬಲಗಡೆ ಮೇಲೆ ಟೊಂ ಟೊಂ. ಭುಜದೆಲುಬಿನ ಹತ್ತಿರ ಬಂದದ್ದೇ ತಡ, ಥಪ್ ಥಪ್. ಮಣ್ಣಿನ ಗೋಡೆಗೆ ಬಡಿದ ಹಾಗೆ.

"ಇಲ್ಲಿಂದ ಕೆಳಗೆ ನೀರಿದೆ" ಎಂದರು ಡಾಕ್ಟರಮ್ಮ. ಎಕ್ಸ್‌ರೇ ಇನ್ನೂ ತೆಗೆದೇ ಇರಲಿಲ್ಲ!

ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ಅವರು ಬೆರಳಿಟ್ಟ ಜಾಗದಿಂದಲೇ ಬಿಳಿ ತುಂಬಿತ್ತು. ನ್ಯುಮೋನಿಯಾ ಆಗಿ ಶ್ವಾಸಕೋಶದ ಸುತ್ತ ನೀರು ಕಟ್ಟಿಕೊಂಡಿದೆ ಎಂದು ಅವರು ಹೇಳಿದರು. ನನ್ನ ಬಾಯಿ ಮುಚ್ಚಿರಲಿಲ್ಲ ಅನ್ನಿಸುತ್ತದೆ, ಅವರೇ ನನ್ನನ್ನು ಹತ್ತಿರ ಕರೆದು ಬಿಡಿಸಿ ಹೇಳಿದರು. ಒಳಗೆ ಗಾಳಿ ಇದ್ದರೆ ಸದ್ದು ಬಿಚ್ಚಿಕೊಂಡು ಮೊಳಗುತ್ತದೆ. ನೀರಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಕಿವಿಗಿಂತ ಮೊದಲು ಕೆಳಗಿನ ಬೆರಳಿಗೇ ಅದು ಗೊತ್ತಾಗುತ್ತದಂತೆ.

ಸೂಜಿ ಹಾಕಿ ಒಂದಷ್ಟು ನೀರು ತೆಗೆದರು. ಉಳಿದದ್ದು ಮಾತ್ರೆಯಲ್ಲಿ ನಿಧಾನವಾಗಿ ಇಂಗಬೇಕು ಎಂದರು. ಅಮ್ಮನಿಗೆ ಉಸಿರಾಟ ಸ್ವಲ್ಪ ಹಗುರವಾದ ಕೂಡಲೇ ಕೇಳಿದ ಮೊದಲ ಪ್ರಶ್ನೆ ಇದು:

"ಡಾಕ್ಟ್ರೇ, ಹಗ್ಗ ಎಳೀಬೋದಾ?"

"ಯಾವ ಹಗ್ಗಮ್ಮ? ದನದ್ದಾ?"

"ಅಲ್ಲ, ಕೆಸರುಗದ್ದೇದು."

ಡಾಕ್ಟರಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಫ್ಯಾನು ನೋಡಿದರು.

"ಬಡಿದಾಗ ಎರಡೂ ಬದಿ ಒಂದೇ ಸದ್ದು ಬರ್ಲಿ. ಆಮೇಲೆ ಕೇಳಿ" ಎಂದರು ಡಾಕ್ಟರಮ್ಮ.

ಅಷ್ಟೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಗ್ಗದ ಭವಿಷ್ಯ ಅಮ್ಮನ ಬೆನ್ನಿನ ಸದ್ದಿಗೆ ಗಂಟುಬಿತ್ತು.

ನಾನು ಓದಿದ್ದು ಬಿ.ಕಾಂ. ಕೆಲಸ ರಿಪ್ಪನ್‌ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಆದರೆ ಆ ಟೊಂ ಟೊಂ, ಥಪ್ ಥಪ್ ಕಿವಿಯಿಂದ ಹೋಗಲೇ ಇಲ್ಲ. ಮೊಬೈಲಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆಂದು ಮಾಡಿದ ವಿಡಿಯೋಗಳನ್ನು ಹುಡುಕಿ ಹುಡುಕಿ ನೋಡಿದೆ. ಮಣಿಕಟ್ಟಿನಿಂದ ಬಡಿಯಬೇಕು, ಮೊಣಕೈಯಿಂದ ಅಲ್ಲ. ಬಡಿದ ಬೆರಳನ್ನು ತಕ್ಷಣ ಎತ್ತಬೇಕು, ಇಲ್ಲದಿದ್ದರೆ ಸದ್ದನ್ನು ನಾವೇ ಒತ್ತಿ ಹಿಡಿದ ಹಾಗೆ. ಪಕ್ಕೆಲುಬಿನ ಮೇಲೆ ಬಡಿಯಬಾರದು, ಎರಡು ಪಕ್ಕೆಲುಬಿನ ನಡುವೆ ಬಡಿಯಬೇಕು. ಉಗುರು ಬೆಳೆಸಿದವರು ಈ ವಿದ್ಯೆಗೆ ಲಾಯಕ್ಕಿಲ್ಲ. ನಾನು ಬಣ್ಣ ಹಚ್ಚಿದ ಉಗುರನ್ನು ಅಂಗಡಿಯ ಕತ್ತರಿಯಲ್ಲೇ ಕತ್ತರಿಸಿಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ! ಗ್ಯಾಸ್ ಸಿಲಿಂಡರ್ ಬಡಿದೆ: ಮೇಲೆ ಠಣ್, ಕೆಳಗೆ ಠಕ್. ನೀರಿನ ಟ್ಯಾಂಕ್ ಬಡಿದೆ. ಅಕ್ಕಿ ಡಬ್ಬ ಬಡಿದೆ. ಅಂಗಡಿಯ ಪ್ಲೈವುಡ್ ಗೋಡೆ ಬಡಿಯುತ್ತಾ ಹೋಗಿ ಹಿಂದೆ ಎಲ್ಲೆಲ್ಲಿ ಪಟ್ಟಿ ಹೊಡೆದಿದ್ದಾರೆ ಎಂದು ಹೇಳಿದೆ. ನನ್ನ ಹೊಟ್ಟೆಯನ್ನೇ ಬಡಿದುಕೊಂಡೆ: ಎಡ ಪಕ್ಕೆಲುಬಿನ ಕೆಳಗೆ ಊಟಕ್ಕೆ ಮೊದಲು ಡುಂ ಡುಂ, ಪುಟ್ಟ ಡೋಲಿನ ಹಾಗೆ! ಕೆನ್ನೆ ಉಬ್ಬಿಸಿಕೊಂಡು ಬಡಿದರೂ ಅದೇ ಸದ್ದು. ತೊಡೆ ಬಡಿದರೆ ಏನೂ ಇಲ್ಲ, ಹಿಟ್ಟಿನ ಮೂಟೆ. ಒಂದೇ ದೇಹದಲ್ಲಿ ಇಷ್ಟೆಲ್ಲ ಸದ್ದು ಇಟ್ಟುಕೊಂಡು ಇಷ್ಟು ವರ್ಷ ಸುಮ್ಮನೆ ಓಡಾಡಿದ್ದೆನಲ್ಲ ಎಂದು ನನಗೆ ಖುಷಿಯೋ ಖುಷಿ.

ಅಮ್ಮನ ಬೆನ್ನನ್ನು ದಿನಾ ಬೆಳಿಗ್ಗೆ ಬಡಿಯುತ್ತಿದ್ದೆ. ಅವಳೂ ಕಾಫಿ ಲೋಟ ಹಿಡಿದುಕೊಂಡು ಬಂದು ತಾನಾಗಿ ಬೆನ್ನು ತಿರುಗಿಸಿ ಕೂರುತ್ತಿದ್ದಳು. "ಎಲ್ಲಿಗೆ ಇಳೀತು?" ಎಂದು ಕೇಳುವಳು, ಹಿನ್ನೀರಿನ ಮಟ್ಟ ಕೇಳಿದ ಹಾಗೆ. "ಒಂದ್ ಬೆರಳು ಇಳಿದಿದೆ ಅಮ್ಮ" ಎನ್ನುತ್ತಿದ್ದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಹೋಲಿಸಿ ನೋಡೋಣ ಎಂದು ಅಪ್ಪನ ಎದೆಯನ್ನೂ ಬಡಿದೆ. ಎಡಗಡೆ ಸರಿ. ಬಲಗಡೆ ಮುಂಭಾಗದಲ್ಲಿ ಕೆಳಗೆ ಬಂದೆ: ಥಪ್ ಥಪ್! ಇನ್ನೊಮ್ಮೆ ಬಡಿದೆ. ಥಪ್ಪೇ. "ಅಪ್ಪಾ, ನಿಮಗೂ ನೀರಿದೆ!" ಎಂದು ಕೂಗಿದೆ. ಅಪ್ಪ ಕೂತಲ್ಲೇ ಕೆಮ್ಮಲು ಶುರು ಮಾಡಿದರು. ಅಜ್ಜಿಯದು ನೋಡಿದೆ, ಥಪ್. ಹೆದರಿ ನನ್ನದೇ ಬಡಿದುಕೊಂಡೆ, ಥಪ್. ಇಡೀ ಮನೆಗೆ ಮನೆಯೇ ನೀರು! ಮರುದಿನ ಅಮ್ಮನಿಗೆ ಹೊಸನಗರದಲ್ಲಿ ತೋರಿಸುವುದಿತ್ತು. ಎಲ್ಲರೂ ಹೊರಟೆವು. ಡಾಕ್ಟರಮ್ಮ ಅಮ್ಮನ ಬೆನ್ನು ಬಡಿದು "ಚೆನ್ನಾಗಿ ಇಳೀತಾ ಇದೆ" ಎಂದವರು, ಬಾಗಿಲಲ್ಲಿ ಸಾಲಾಗಿ ನಿಂತ ನಮ್ಮನ್ನು ನೋಡಿ ಏನು ಎಂದು ಕೇಳಿದರು. ನಾನು ಹೇಳಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು.

"ಅದು ಲಿವರ್ ಕಣಮ್ಮ. ಬಲಗಡೆ ಕೆಳಗೆ ಎಲ್ಲರಿಗೂ ಇರುತ್ತೆ. ಇಲ್ಲದಿದ್ರೆ ಹೆದರ್ಬೇಕು."

ಬಸ್ಸು ಹತ್ತುವ ಮೊದಲೇ ನನಗೆ 'ಲಿವರ್ ಡಾಕ್ಟ್ರು' ಎಂಬ ಹೆಸರು ಬಿದ್ದಿತ್ತು. ಇಟ್ಟದ್ದು ಅಪ್ಪ, ಬೆಳೆಸಿದ್ದು ಅಜ್ಜಿ. ಇದರಿಂದ ಒಂದು ನಷ್ಟವಾಯಿತು. ಮನೆಯಲ್ಲಿ ನನ್ನ ಬೆರಳಿನ ಮೇಲೆ ಯಾರಿಗೂ ನಂಬಿಕೆ ಉಳಿಯಲಿಲ್ಲ. ಆ ಖಾಲಿ ಜಾಗಕ್ಕೆ ಅಜ್ಜಿ ಬಂದು ಕೂತರು.

ನಮ್ಮಜ್ಜಿ, ಅಪ್ಪನ ಅಮ್ಮ, ಬಡಿದು ನೋಡುವುದರಲ್ಲಿ ನನಗಿಂತ ಬಹಳ ಹಳಬರು. ಆದರೆ ಅವರು ಬಡಿಯುವುದು ಹಲಸನ್ನು. ಮರದಲ್ಲಿರುವ ಹಲಸಿಗೆ ಕೋಲಿನ ತುದಿಯಲ್ಲಿ ತಟ್ಟಿ, ಕಿತ್ತದ್ದಾದರೆ ಬೆರಳ ಗಿಣ್ಣಿನಲ್ಲಿ ಬಡಿದು, ಇದು ನಾಳೆಗೆ, ಇದು ಇನ್ನೂ ವಾರಕ್ಕೆ ಎಂದು ಹೇಳುವವರು. ಟಣ್ ಟಣ್ ಎಂದರೆ ಕಾಯಿ. ಬೊದ್ ಬೊದ್ ಎಂದರೆ ಹಣ್ಣು. ಅಕ್ಕಪಕ್ಕದ ಮನೆಯವರೂ ಹಲಸು ಹೊತ್ತುಕೊಂಡು ಬಂದು ಅಜ್ಜಿಯ ಮುಂದೆ ಇಳಿಸುತ್ತಾರೆ. ಅವರ ಮಾತು ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಹೊಸನಗರದಿಂದ ಬಂದ ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಕೈ ಸರಿಸಿ, "ತಡೀ ಲಿವರ್ ಡಾಕ್ಟ್ರೇ, ನಾ ನೋಡ್ತೀನಿ" ಎಂದು ಅಮ್ಮನ ಬೆನ್ನಿಗೆ ಗಿಣ್ಣಿನಲ್ಲಿ ಬಡಿದರು. ಬಲಗಡೆ ಕೆಳಗೆ ಇನ್ನೂ ಸ್ವಲ್ಪ ನೀರಿತ್ತು, ಬೊದ್ ಎಂದಿತು. ಅಜ್ಜಿ ತಲೆಯಾಡಿಸಿದರು. ಎಡಗಡೆ ಬಡಿದರು, ಟೊಂ ಎಂದಿತು. ಅಜ್ಜಿಯ ಮುಖ ಸಣ್ಣದಾಯಿತು.

"ಬಲಗಡೆ ಪರ್ವಾಗಿಲ್ಲ ಮಾರಾಯ್ತಿ, ಹಣ್ಣಾಗ್ತಾ ಬಂದಿದೆ. ಈ ಎಡಗಡೇದೇ ಪೂರಾ ಎಳೆಕಾಯಿ!"

"ಅಯ್ಯೋ ಅಜ್ಜಿ, ಉಲ್ಟಾ! ಟೊಂ ಅಂದ್ರೇನೇ ಒಳ್ಳೇದು" ಎಂದೆ.

"ನೀ ಸುಮ್ನಿರು. ನಿನ್ ಲೆಕ್ಕದಲ್ಲಿ ನಾವೆಲ್ಲ ನೀರಲ್ಲಿ ತೇಲ್ತಿದ್ವಿ."

ಅಮ್ಮ ಅಜ್ಜಿಯ ಕಡೆಗೇ ವಾಲಿದಳು. ಅತ್ತೆಯ ಬೆರಳನ್ನು ಅವಳು ಮದುವೆಯಾಗಿ ಬಂದಾಗಿನಿಂದ ನಂಬಿದ್ದಳು. ಮಾತ್ರೆ ಮಾತ್ರ ತಪ್ಪಿಸಲಿಲ್ಲ, ಅದೊಂದು ಪುಣ್ಯ. ಆದರೆ ಸಂಜೆಯಾದರೆ ಅಜ್ಜಿ ಬಟ್ಟೆ ಬಿಸಿ ಮಾಡಿ ಎಡಪಕ್ಕೆಗೆ ಶಾಖ ಕೊಡುವುದು ಶುರುವಾಯಿತು. ಚೆನ್ನಾಗಿರುವ ಬದಿಗೆ! ಹಣ್ಣಾಗಲಿ ಎಂದು!

ದಿನ ಕಳೆದ ಹಾಗೆ ಬಲಗಡೆಯ ನೀರು ಇಂಗುತ್ತಾ ಹೋಯಿತು. ಅಲ್ಲೂ ಟೊಂ ಟೊಂ ಬರತೊಡಗಿತು. ನನಗೆ ಕುಣಿಯುವಷ್ಟು ಸಂತೋಷ. ಅಜ್ಜಿಗೆ ದಿಗಿಲು. "ಹಣ್ಣಾಗ್ತಿದ್ದದ್ದು ಹಿಂದಕ್ಕೆ ಕಾಯಿಗೆ ತಿರುಗ್ತಾ ಇದೆ! ನನ್ ಜೀವಮಾನದಲ್ಲಿ ಇಂಥದ್ ನೋಡಿಲ್ಲ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅಮ್ಮ ಅದನ್ನು ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಫೋನಿನಲ್ಲಿ ಸಂಘದ ಅಧ್ಯಕ್ಷೆಯ ಹತ್ತಿರ ಮಾತಾಡುವುದು ಕೇಳಿಸಿತು.

"ಅಕ್ಕಾ, ತುದಿಗೆ ಬೇರೆಯೋರನ್ನ ನೋಡ್ಕಳಿ. ನನ್ನ ಹೆಸ್ರು ಬಿಟ್ಬಿಡಿ. ಇಲ್ಲ, ಹಾಗೇನಿಲ್ಲ, ಎದೆ ಸರಿಯಾಗ್ತಾ ಇಲ್ಲ."

ಫೋನಿಟ್ಟು ಅವಳು ಅನ್ನಕ್ಕೆ ಅಕ್ಕಿ ತೊಳೆದಳು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದಳು. ನನಗೆ ತಡೆಯಲಾಗಲಿಲ್ಲ. ಆಟಕ್ಕೆ ಇನ್ನೊಂದೇ ವಾರವಿತ್ತು. ಹೊಸನಗರದ ಡಾಕ್ಟರಮ್ಮ ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದರು, ಬರುವುದು ತಡವಿತ್ತು. ತೀರ್ಥಹಳ್ಳಿಯಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದಾರೆ, ಅಜ್ಜಿಯ ತವರಿನವರೆಲ್ಲ ಅವರ ಹತ್ತಿರವೇ ಹೋಗುವುದು. "ಅಲ್ಲಿಗಾದ್ರೂ ಹೋಗೋಣ ಅಜ್ಜಿ. ಅವ್ರೇ ಹೇಳ್ಲಿ, ಕಾಯೋ ಹಣ್ಣೋ" ಎಂದೆ. ಅಜ್ಜಿ ಒಪ್ಪಿದರು. ತಾವೂ ಬರುತ್ತೇನೆಂದು ಹಠ ಹಿಡಿದರು.

ತೀರ್ಥಹಳ್ಳಿಯ ಡಾಕ್ಟರು ಹಳೆಯ ಚಿತ್ರ ನೋಡಿದರು, ಹೊಸ ಎಕ್ಸ್‌ರೇ ತೆಗೆಸಿದರು, ಆಮೇಲೆ ಅಮ್ಮನನ್ನು ತಿರುಗಿಸಿ ಕೂರಿಸಿದರು. ಮಾತಿನ ಅದುರು ಕೈಗೆ ತಾಗುತ್ತದೆಯೇ ಎಂದು ನೋಡಲು ಬೆನ್ನಿಗೆ ಅಂಗೈ ಇಟ್ಟು "ಒಂದೊಂದೊಂದು ಅನ್ನಿ" ಎಂದರು. ಅಮ್ಮ ಒಂದೊಂದೊಂದು ಎಂದಳು. ಆಮೇಲೆ ಬೆರಳಿಟ್ಟು ಬಡಿದರು. ಎಡಕ್ಕೆ ಟೊಂ ಟೊಂ. ಬಲಕ್ಕೆ ಟೊಂ ಟೊಂ. ಕೆಳಗೆ, ಇನ್ನೂ ಕೆಳಗೆ, ಟೊಂ ಟೊಂ.

"ಬಹಳ ಚೆನ್ನಾಗಿದೆಯಮ್ಮ. ಎರಡೂ ಕಡೆ ಒಂದೇ ಸದ್ದು" ಎಂದರು.

ಅಮ್ಮ ಖುಷಿಪಡುವ ಬದಲು ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಒಂದೇ ಸದ್ದು ಹೌದು ಡಾಕ್ಟ್ರೇ, ಅದ್ಕೇ ಓಡಿ ಬಂದಿದ್ದು! ಮೊದ್ಲು ಒಂದ್ ಬದಿನಾದ್ರೂ ಹಣ್ಣಾಗಿತ್ತು. ಈಗ ಎರಡೂ ಕಾಯಿ!"

ಡಾಕ್ಟರು ನನ್ನ ಕಡೆ ತಿರುಗಿದರು. ಹಲಸಿನ ಲೆಕ್ಕವನ್ನು ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕುರ್ಚಿಯನ್ನು ಗರ್ರನೆ ತಿರುಗಿಸಿ, ಗೋಡೆಗೆ ಮುಖ ಮಾಡಿ, ಅಜ್ಜಿಗೆ ಬೆನ್ನು ಕೊಟ್ಟು ಕೂತರು.

"ನೋಡೀಮ್ಮ, ನಂದು ಹೇಗಿದೆ ಹೇಳಿ."

ಅಜ್ಜಿ ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ. ಹೋದವರೇ ಅಂಗಿಯ ಮೇಲೆಯೇ ಗಿಣ್ಣಿನಲ್ಲಿ ಎಡಕ್ಕೆ ಬಡಿದರು, ಬಲಕ್ಕೆ ಬಡಿದರು, ಕಿವಿ ಹತ್ತಿರ ತಂದು ಮತ್ತೆ ಬಡಿದರು.

"ಅಯ್ಯೋ ಶಿವನೇ, ನೀವೂ ಕಾಯಿನೇ!"

"ಹೂಂ, ತಲೆ ನೆರೆತ್ರೂ ಕಾಯಿನೇ" ಎಂದರು ಡಾಕ್ಟರು ಗೋಡೆಗೆ. "ಈಗ ನಿಮ್ಮ ಮೊಮ್ಮಗಳದ್ದು ನೋಡಿ."

ನನ್ನದು ನೋಡಿದರು. ಕಾಯಿ. ಬಾಗಿಲಲ್ಲಿ ನಗು ತಡೆದುಕೊಂಡು ನಿಂತಿದ್ದ ನರ್ಸ್, "ಅಜ್ಜೀ, ನಂದೂ ಒಂಚೂರು" ಎಂದು ಬೆನ್ನು ತಿರುಗಿಸಿದರು. ಕಾಯಿ. ಅಜ್ಜಿ ಸುಸ್ತಾಗಿ ಕೂತರು. ಡಾಕ್ಟರು ಆಗ ನಿಧಾನವಾಗಿ ಹೇಳಿದರು:

"ಹಲಸಿನ ಒಳಗೆ ತೊಳೆ ತುಂಬ್ಬೇಕು, ಮೆತ್ತಗಾಗ್ಬೇಕು. ಮನುಷ್ಯರ ಎದೆ ಒಳಗೆ ಗಾಳಿ ಇರ್ಬೇಕು. ನಿಮ್ಮ ಕಿವಿ ಸರಿಯಾಗೇ ಇದೆಯಮ್ಮ. ಹಣ್ಣಾದೋರು ಮಾತ್ರ ನನ್ನ ಹತ್ರ ಬರೋದು. ನಿಮ್ಮ ಸೊಸೆ ಹಣ್ಣಾಗಿದ್ರು, ಈಗ ವಾಪಸ್ ಕಾಯಿ ಆಗಿದಾರೆ."

ಅಜ್ಜಿ ಅದನ್ನು ಒಂದು ಗಳಿಗೆ ಬಾಯಲ್ಲೇ ಅಗಿದರು. ಆಮೇಲೆ ಅಮ್ಮನ ತೊಡೆಗೆ ಪಟ್ಟನೆ ಹೊಡೆದು, "ಮತ್ತೆ ಶಾಖ ಕೊಟ್ಟಾಗ ಸುಮ್ನೆ ಯಾಕೆ ಕೂತಿದ್ದೆ? ಸೌದೆ ಎಷ್ಟು ಖರ್ಚಾತು!" ಎಂದು ಬೈದರು.

"ಬೆಚ್ಚಗಿರ್ತಿತ್ತು ಅತ್ತೆ" ಎಂದಳು ಅಮ್ಮ. ಹೇಳುತ್ತಾ ಹೇಳುತ್ತಾ ನಗತೊಡಗಿದಳು. ಆ ನಗುವಿನ ಮಧ್ಯದಲ್ಲೇ ಕೇಳಿದಳು, "ಹಾಗಾದ್ರೆ ಡಾಕ್ಟ್ರೇ, ಹಗ್ಗ?"

ಡಾಕ್ಟರು ಪೂರ್ತಿ ವಿಚಾರಿಸಿದರು. ಎಷ್ಟು ಹೊತ್ತು, ಎಷ್ಟು ಜನ, ನೀವು ಎಲ್ಲಿ ನಿಲ್ಲುವುದು. ತುದಿ ಎಂದಾಗ ತಲೆ ಅಲ್ಲಾಡಿಸಿದರು. "ಸುತ್ತಿಕೊಳ್ಳೋದು ಈ ವರ್ಷ ಬೇಡ. ಎದೆಗೆ, ಸೊಂಟಕ್ಕೆ ಹಗ್ಗ ಬಿಗೀಬಾರ್ದು. ಮಧ್ಯದಲ್ಲಿ ನಿಂತು ಕೈಯಲ್ಲಿ ಎಳೀರಿ. ಉಸಿರು ಕಟ್ಟಿದ ಹಾಗಾದ್ರೆ ಬಿಟ್ಬಿಡಿ, ಮಾನ ಮರ್ಯಾದೆ ನೋಡ್ಬೇಡಿ."

ಅಮ್ಮನ ಮುಖ ಒಂದು ಸಲ ಇಳಿಯಿತು, ಒಂದು ಸಲ ಏರಿತು. ತುದಿ ಹೋಯಿತು, ಹಗ್ಗ ಉಳಿಯಿತು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಧ್ಯಕ್ಷೆಗೆ ಫೋನು ಹೋಗಿತ್ತು. "ಅಕ್ಕಾ, ನನ್ನ ಹೆಸ್ರು ಬರ್ಕಳಿ. ಎಲ್ಲಾದ್ರೂ ಸರಿ, ಒಂದ್ ಮೊಳ ಜಾಗ ಕೊಡಿ."

ಆಟದ ದಿನ ಗದ್ದೆಯ ಬದುವಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೈಕಿನವನು ಎರಡೂ ಸಂಘದ ಹೆಸರನ್ನು ತಪ್ಪು ತಪ್ಪಾಗಿ ಕೂಗುತ್ತಿದ್ದ. ಅಮ್ಮ ಸೀರೆ ಎತ್ತಿ ಕಟ್ಟಿ ಹಗ್ಗದ ಮಧ್ಯಕ್ಕೆ ಬಂದು ನಿಂತಳು. ಎದುರಿನ ಊರಿನ ತುದಿಯ ಹೆಂಗಸು, ಹೋದ ವರ್ಷ ಅಮ್ಮನನ್ನು ಕೆಡವಿದವಳು, ಅಲ್ಲಿಂದಲೇ ಕೂಗಿದಳು:

"ಏನಕ್ಕಾ, ತುದಿ ಬಿಟ್ಟು ಮಧ್ಯಕ್ಕೆ ಬಂದ್ರಾ? ಹೆದರ್ಕಂಡ್ರಾ?"

"ಅಷ್ಟ್ ದೂರ ನಿಂತ್ರೆ ನೀ ಬೀಳೋದು ಸರಿಯಾಗಿ ಕಾಣಲ್ಲ ಮಾರಾಯ್ತಿ, ಅದ್ಕೇ ಹತ್ರ ಬಂದೆ" ಎಂದಳು ಅಮ್ಮ. ಬದುವಿನ ಮೇಲೆ ಶಿಳ್ಳೆ ಬಿತ್ತು.

ಮೂರು ಎಳೆತಗಳಲ್ಲಿ ಮೊದಲನೆಯದನ್ನು ನಮ್ಮವರು ಸೋತರು. ಎಲ್ಲರೂ ತಮಗೆ ತೋಚಿದ ಹಾಗೆ ಎಳೆದರು. ಎರಡನೆಯದಕ್ಕೆ ಅಮ್ಮ ಕೂಗು ಹಿಡಿದಳು. "ಐಸಾ!" ಎಂದಾಗ ಎಲ್ಲರೂ ಒಟ್ಟಿಗೆ, ನಡುವೆ ಎಲ್ಲರೂ ಸುಮ್ಮನೆ. ತುದಿಯಲ್ಲಿದ್ದಾಗ ಹಗ್ಗ ಸುತ್ತಿಕೊಂಡು ಅವಳಿಗೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಇವತ್ತು ಆಗುತ್ತಿತ್ತು. ಮೈಕು ಬೇಡವಾಗುವಷ್ಟು ಜೋರಾಗಿ ಕೂಗಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಲ್ಲಿಯಾದರೂ ನೋವಿನ ಗೆರೆ ಕಂಡರೆ ಗದ್ದೆಗೆ ಹಾರಲು ತಯಾರಾಗಿದ್ದೆ. ಕಾಣಲಿಲ್ಲ. ಎದುರಿನವರು ಸಾಲುಸಾಲಾಗಿ ಮುಂದಕ್ಕೆ ಜಾರಿ ಬಂದರು, ಆ ತುದಿಯವಳೂ ಸೇರಿ. ಗೆದ್ದರು! ಅಜ್ಜಿ ಬದುವಿನ ಮೇಲೆ ನಿಂತಲ್ಲೇ ಕುಣಿದು ಪಕ್ಕದವರ ಕೊಡೆ ಮುರಿದರು.

ಮೂರನೆಯದರಲ್ಲಿ ನಮ್ಮವರು ಸೋತರು. ಬಹಳ ಹೊತ್ತು ಎರಡೂ ಕಡೆ ಅಲ್ಲಾಡಲಿಲ್ಲ, ಆಮೇಲೆ ನಮ್ಮ ಹೊಸ ತುದಿಯವಳ ಕಾಲು ಜಾರಿತು, ಎಲ್ಲ ಮುಗಿಯಿತು. ಎರಡೂ ಸಂಘದವರು ಒಬ್ಬರ ಮೇಲೊಬ್ಬರು ಕೆಸರಿನಲ್ಲಿ ಬಿದ್ದಿದ್ದರು. ಯಾರು ಯಾರೆಂದೇ ಗೊತ್ತಾಗುತ್ತಿರಲಿಲ್ಲ. ನಾನು ಇಳಿದು ಓಡಿ ಅಮ್ಮನನ್ನು ಹುಡುಕಿದೆ. ಸಿಕ್ಕಳು. ಎದುರಿನ ಊರಿನ ಆ ತುದಿಯವಳ ಪಕ್ಕದಲ್ಲೇ ಕೆಸರಿನಲ್ಲಿ ಕೂತಿದ್ದಳು. ಇಬ್ಬರೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು.

ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಇಬ್ಬರ ಉಸಿರನ್ನೂ ನೋಡಿದೆ. ಅವಳು ಎಷ್ಟು ಏದುತ್ತಿದ್ದಳೋ ಅಮ್ಮನೂ ಅಷ್ಟೇ ಏದುತ್ತಿದ್ದಳು. ಒಂದು ಚೂರೂ ಹೆಚ್ಚಿಲ್ಲ. ಇಬ್ಬರದೂ ಒಟ್ಟಿಗೇ ಹದಕ್ಕೆ ಬಂತು.

"ನೋವಿದೆಯಾ ಅಮ್ಮ?" ಎಂದೆ.

"ಸೋತಿದ್ದು ನೋವು" ಎಂದು ಕೆಸರು ಉಗುಳಿ, ಪಕ್ಕದವಳ ಹೆಗಲು ಹಿಡಿದು ಎದ್ದು ನಿಂತಳು. "ನೀ ಮುಂದಿನ್ ವರ್ಷನೂ ಇಲ್ಲೇ ಇರ್ತೀಯಲ್ಲ? ನಾ ತುದಿಗೇ ಬರ್ತೀನಿ."

"ಬನ್ನಿ ಅಕ್ಕಾ" ಎಂದಳು ಅವಳು, ಇನ್ನೂ ಕೂತಲ್ಲಿಂದಲೇ. "ಈಗ ಒಂಚೂರು ಕೈ ಕೊಡಿ, ಎಬ್ಸಿ ನನ್ನ."

ಅಮ್ಮ ಒಂದೇ ಕೈಯಲ್ಲಿ ಅವಳನ್ನು ಎಳೆದು ನಿಲ್ಲಿಸಿದಳು.

ಇಷ್ಟು ಓದಿದ ಮೇಲೆ ನೀವೂ ಸುಮ್ಮನಿರಬೇಡಿ. ಡಾಕ್ಟರು ನಿಮ್ಮ ಎದೆಯನ್ನೋ ನಿಮ್ಮವರ ಬೆನ್ನನ್ನೋ ಹೀಗೆ ಬಡಿದು ನೋಡಿದ್ದು ನೆನಪಿದೆಯಾ? ಏನು ಸದ್ದು ಬಂತು, ಅವರು ಏನು ಹೇಳಿದರು, ಮನೆಯವರು ಅದನ್ನು ಏನೆಂದು ತಿಳಿದರು? ಬರೆದು ತಿಳಿಸಿ. ಉದ್ದವಾದರೂ ಪರವಾಗಿಲ್ಲ. ನಾನು ಓದುತ್ತೇನೆ, ಅಮ್ಮನಿಗೂ ಅಜ್ಜಿಗೂ ಗಟ್ಟಿಯಾಗಿ ಓದಿ ಹೇಳುತ್ತೇನೆ.